ಬೋರ್ಡಿಗೆ 60% ಕನ್ನಡ, ಬಾಟಲಿಗೆ ಸೊನ್ನೆ: ಮೇಯೋನೀಸ್ ಬಕೆಟ್ ಒಳಗಿನ ರಾಜಕೀಯ

ಸಂಜೆ ಹೊತ್ತು ಹೊಸಹಳ್ಳಿ ಮೆಟ್ರೊ ನಿಲ್ದಾಣ ಇಳಿದು ವಿಜಯನಗರದ ಕಡೆ ನಡೀತಾ ಹೋದ್ರೆ ಗೋಬಿ, ಮೊಮೊ, ರೋಲ್ ಗಾಡಿಗಳು ಸಿಗುತ್ತವೆ. ಎರಡು ವರ್ಷದ ಹಿಂದೆ ಈ ಗಾಡಿಗಳ ಗುರುತು ಕೆಂಪು ಬಣ್ಣ. ಈಗ ಬಿಳಿ. ಮೊಮೊ ಪಕ್ಕಕ್ಕೆ ಒಂದು ಚಮಚ ಬಿಳಿ, ರೋಲ್ ಒಳಗೆ ಒಂದು ಗೆರೆ ಬಿಳಿ, ಫ್ರೆಂಚ್ ಫ್ರೈಸ್ ಮೇಲೆ ಅಡ್ಡಾದಿಡ್ಡಿ ಬಿಳಿ. ಅದಕ್ಕೆಲ್ಲ ಒಂದೇ ಹೆಸರು, 'ಮೇಯೋ'. ಗಾಡಿ ಕೆಳಗೆ ಒಂದು ಕಿಲೋ ಪೌಚೋ, ಬಕೆಟ್ಟೋ ಇರುತ್ತೆ. ಅದರ ಮೇಲಿನ ಚೀಟಿಯನ್ನ ತಿನ್ನುವವರು ನೋಡಿರಲ್ಲ. ಮಾರುವವರು ನೋಡಿದ್ದರೂ ಅದು ಇಂಗ್ಲಿಷ್‌ನಲ್ಲಿರುತ್ತೆ.

ಕೆಂಪು ಬಣ್ಣ ಹೋಗಿದ್ದು ಹೇಗೆ ಅಂತ ನೆನಪಿರಬಹುದು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸೋದನ್ನ, ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಸೋದನ್ನ ನಿಷೇಧಿಸಿದರು. ಪರೀಕ್ಷೆಗೆ ಕಳಿಸಿದ್ದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಆ ಕ್ರಮ ಸರಿಯಾಗೇ ಇತ್ತು. ರೋಡಮೈನ್-ಬಿ ಬಟ್ಟೆಗೆ ಹಾಕೋ ಬಣ್ಣ, ಅದಕ್ಕೆ ತಟ್ಟೆಯಲ್ಲಿ ಕೆಲಸ ಇಲ್ಲ. ಆದರೆ ಅವತ್ತಿಂದ ಆಹಾರ ಸುರಕ್ಷತೆ ಅಂದ್ರೆ ಗಾಡಿಯವರನ್ನ ಹಿಡಿಯೋದು ಅನ್ನೋ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗಾಡಿಗೆ ಬರೋ ಮಾಲು ಎಲ್ಲಿಂದ ಬರುತ್ತೆ, ಅದರಲ್ಲಿ ಏನಿದೆ, ಅದನ್ನ ಯಾರು ಯಾವ ಭಾಷೆಯಲ್ಲಿ ಹೇಳಬೇಕು ಅನ್ನೋ ಪ್ರಶ್ನೆ ಅಲ್ಲೇ ಉಳೀತು.

ಮೊದಲು ಬಕೆಟ್ ಒಳಗೆ ನೋಡೋಣ.

ಮೇಯೋನೀಸ್ ಅಂದ್ರೆ ಮೂಲದಲ್ಲಿ ಎಣ್ಣೆ, ಮೊಟ್ಟೆಯ ಹಳದಿ, ಸ್ವಲ್ಪ ಹುಳಿ. ಎಣ್ಣೆ ನೀರು ಒಂದಕ್ಕೊಂದು ಸೇರಲ್ಲ. ಹಳದಿಯಲ್ಲಿರೋ ಲೆಸಿಥಿನ್ ಮತ್ತು ಪ್ರೋಟೀನ್ ಮಧ್ಯಸ್ಥಿಕೆ ವಹಿಸಿ ಎಣ್ಣೆಯ ಹನಿಗಳನ್ನ ಚಿಕ್ಕದಾಗಿ, ಬೇರೆಬೇರೆಯಾಗಿ ಹಿಡಿದಿಡುತ್ತವೆ. ಅಮೆರಿಕದ ಕಾನೂನಿನ ಪ್ರಕಾರ ಮೇಯೋನೀಸ್ ಅಂತ ಕರೆಯೋಕೆ ಕನಿಷ್ಠ 65% ಎಣ್ಣೆ ಇರಲೇಬೇಕು, ಮೊಟ್ಟೆಯೂ ಇರಬೇಕು. 2014ರಲ್ಲಿ ಹ್ಯಾಂಪ್ಟನ್ ಕ್ರೀಕ್ ಅನ್ನೋ ಪುಟ್ಟ ಕಂಪನಿ ಮೊಟ್ಟೆ ಇಲ್ಲದ 'ಜಸ್ಟ್ ಮೇಯೋ' ತಂದಾಗ ಯೂನಿಲಿವರ್ ಕೋರ್ಟಿಗೆ ಹೋಗಿತ್ತು, ಆಮೇಲೆ ಕೇಸು ವಾಪಸ್ ತಗೊಂಡಿತು. ನಮ್ಮಲ್ಲಿ ಅಂಥ ಜಗಳವೇ ಆಗಲಿಲ್ಲ. ಇಲ್ಲಿ ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಬೀಳೋ ಮೇಯೋನೀಸ್ ಹೆಚ್ಚಾಗಿ ಹಸಿರು ಚುಕ್ಕೆಯದ್ದು. ಶಾಲೆ ಊಟದಲ್ಲಿ ಮೊಟ್ಟೆ ಕೊಡಬೇಕಾ ಬೇಡವಾ ಅಂತ ಮಠಗಳು, ಪಕ್ಷಗಳು ಕಿತ್ತಾಡಿದ ರಾಜ್ಯದಲ್ಲಿ ಸಾಸ್ ಬಾಟಲಿಯಿಂದ ಮೊಟ್ಟೆ ಹೊರಹೋಗಿದ್ದು ಯಾರಿಗೂ ಸುದ್ದಿಯಾಗಲಿಲ್ಲ.

ಮೊಟ್ಟೆ ಹೋದ ಜಾಗಕ್ಕೆ ಯಾರು ಬಂದ್ರು? ಹಾಲಿನ ಪುಡಿ ಅಥವಾ ಸೋಯಾ ಪ್ರೋಟೀನ್, ಜ಼ಾಂಥನ್ ಅಂಟು, ಎಲ್ಲಕ್ಕಿಂತ ಮುಖ್ಯವಾಗಿ ಮಾರ್ಪಡಿಸಿದ ಪಿಷ್ಟ. ಚೀಟಿಯಲ್ಲಿ ಇದರ ಹೆಸರು ಒಂದು ನಂಬರು: ಐಎನ್‌ಎಸ್ 1422, ಅಥವಾ 1442, ಅಥವಾ 1450.

ಪಿಷ್ಟ ನಮಗೆ ಹೊಸದಲ್ಲ. ಬಟ್ಟೆಗೆ ಹಾಕೋ ಗಂಜಿ ಪಿಷ್ಟ. ಗೋಬಿಗೆ ಕಲಸೋ ಕಾರ್ನ್ ಫ್ಲೋರ್ ಪಿಷ್ಟ. ಮೆಕ್ಕೆಜೋಳದ ಹಿಟ್ಟು ಅಂತ ನಾವು ಅಂದುಕೊಂಡ್ರೂ ನಮ್ಮ ಅಂಗಡಿಗಳಲ್ಲಿ ಆ ಹೆಸರಲ್ಲಿ ಸಿಗೋದು ಕಾಳಿನಿಂದ ಬೇರ್ಪಡಿಸಿದ ಬರೀ ಪಿಷ್ಟ. ನೀರಲ್ಲಿ ಕಲಸಿ ಕಾಯಿಸಿದ್ರೆ ಸುಮಾರು 65ರಿಂದ 70 ಡಿಗ್ರಿ ಹೊತ್ತಿಗೆ ಅದರ ಕಣಗಳು ನೀರು ಕುಡಿದು ಊದಿಕೊಳ್ತವೆ, ಸಾರು ಮಂದ ಆಗುತ್ತೆ. ಇಲ್ಲಿವರೆಗೆ ಎಲ್ಲ ಅಡುಗೆಮನೆಗೂ ಗೊತ್ತಿರೋ ವಿಷಯ. ತೊಂದರೆ ಆಮೇಲೆ ಶುರುವಾಗುತ್ತೆ. ಜಾಸ್ತಿ ಕುದಿಸಿದ್ರೆ, ಹುಳಿ ಬಿದ್ರೆ, ಜೋರಾಗಿ ಕಡೆದ್ರೆ ಊದಿದ ಕಣ ಒಡೆದು ಮತ್ತೆ ನೀರುನೀರು. ತಣ್ಣಗಾದ್ರೆ ಇನ್ನೊಂದು ರಗಳೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಕಸ್ಟರ್ಡ್ ಬೆಳಗ್ಗೆ ಅಂಚಲ್ಲಿ ನೀರು ಬಿಟ್ಟಿರುತ್ತಲ್ಲ, ಅದು. ಪಿಷ್ಟದ ಉದ್ದುದ್ದ ಎಳೆಗಳು ತಣ್ಣಗಾಗ್ತಾ ಪಕ್ಕಪಕ್ಕಕ್ಕೆ ಬಂದು ಅಂಟಿಕೊಂಡು ನಡುವೆ ಇದ್ದ ನೀರನ್ನ ಹಿಂಡಿ ಹೊರಗೆ ಹಾಕ್ತವೆ. ಆರೇಳು ತಿಂಗಳು ಕಪಾಟಿನಲ್ಲಿ ಕೂರಬೇಕಾದ ಸಾಸಿಗೆ ಈ ಸ್ವಭಾವ ಆಗಿಬರಲ್ಲ.

ಅದಕ್ಕೇ ಮಾರ್ಪಾಡು. ಒಂದು ಬಗೆಯಲ್ಲಿ ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಲಿಗೆ ಹಾಕ್ತಾರೆ, ಫಾಸ್ಫೇಟ್‌ನಿಂದಲೋ ಅಡಿಪೇಟ್‌ನಿಂದಲೋ. ಹೊಲಿಗೆ ಬಿದ್ದ ಕಣ ಊದುತ್ತೆ, ಆದರೆ ಒಡೆಯಲ್ಲ. ಹುಳಿ, ಬಿಸಿ, ಕಡೆಯೋ ಯಂತ್ರ ಎಲ್ಲ ತಡೆಯುತ್ತೆ. ಇನ್ನೊಂದು ಬಗೆಯಲ್ಲಿ ಎಳೆಗಳಿಗೆ ಅಸಿಟೈಲ್ ಅಥವಾ ಹೈಡ್ರಾಕ್ಸಿಪ್ರೊಪೈಲ್ ಅನ್ನೋ ಸಣ್ಣ ಗುಬುಟುಗಳನ್ನ ಅಂಟಿಸ್ತಾರೆ. ಆಗ ಎಳೆಗಳು ಒಂದಕ್ಕೊಂದು ಒತ್ತಿಕೊಳ್ಳೋಕೆ ಆಗಲ್ಲ, ನೀರು ಹೊರಗೆ ಬರಲ್ಲ. 1422ರಲ್ಲೂ 1442ರಲ್ಲೂ ಹೊಲಿಗೆ, ಗುಬುಟು ಎರಡೂ ಇವೆ. 1450ರ ಕತೆಯೇ ಬೇರೆ. ಅಲ್ಲಿ ಪಿಷ್ಟಕ್ಕೆ ಎಣ್ಣೆಯನ್ನ ಇಷ್ಟಪಡೋ ಒಂದು ಬಾಲ ಕಟ್ಟಿರ್ತಾರೆ. ದೇಹ ನೀರಿನ ಕಡೆ, ಬಾಲ ಎಣ್ಣೆ ಕಡೆ, ಅಂದ್ರೆ ಮೊಟ್ಟೆಯ ಹಳದಿ ಮಾಡ್ತಿದ್ದ ಮಧ್ಯಸ್ಥಿಕೆಯ ಕೆಲಸವೇ. ಅಮೆರಿಕದ ನ್ಯಾಷನಲ್ ಸ್ಟಾರ್ಚ್ ಕಂಪನಿಯ ಇಬ್ಬರು ರಸಾಯನಶಾಸ್ತ್ರಜ್ಞರು 1953ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಮಬ್ಬುಮಬ್ಬಾಗಿ ಕಾಣೋ ಕಿತ್ತಳೆ ಪಾನೀಯದಲ್ಲಿ ಸುವಾಸನೆಯ ಎಣ್ಣೆ ಮೇಲೆ ತೇಲದೆ ಇರೋಕೂ ಇದೇ ಪಿಷ್ಟ ಬಳಸ್ತಾರೆ.

ಇದು ವಿಷಾನಾ? ಅಲ್ಲ. ವಾಟ್ಸಾಪ್‌ನಲ್ಲಿ 'ಕೆಮಿಕಲ್ ಪಿಷ್ಟ' ಅಂತ ಹೆದರಿಸೋ ಫಾರ್ವರ್ಡ್‌ಗಳಿಗೂ ಈ ಲೇಖನಕ್ಕೂ ಸಂಬಂಧ ಇಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ ಈ ಪಿಷ್ಟಗಳಿಗೆ ದಿನದ ಮಿತಿ ಅಂತ ಅಂಕಿ ಹಾಕೋ ಅಗತ್ಯ ಕಂಡಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ 12 ಬಗೆಯ ಮಾರ್ಪಡಿಸಿದ ಪಿಷ್ಟಗಳನ್ನ ಮತ್ತೆ ಪರಿಶೀಲಿಸಿ ಅದೇ ಮಾತು ಹೇಳಿತು. ಬಳಸೋ ರಾಸಾಯನಿಕಕ್ಕೂ ಕಟ್ಟುನಿಟ್ಟಿನ ಮಿತಿ ಇದೆ: 1422ರ ಹೊಲಿಗೆಗೆ ಬೇಕಾದ ಅಡಿಪಿಕ್ ಅನ್‌ಹೈಡ್ರೈಡ್ ಪಿಷ್ಟದ ತೂಕದ 0.12% ದಾಟೋ ಹಾಗಿಲ್ಲ. ತಮಾಷೆ ಅಂದ್ರೆ, 2024ರಲ್ಲಿ ಫ್ರಾನ್ಸ್‌ನ ಸಂಶೋಧಕರು ಎಮಲ್ಸಿಫೈಯರ್‌ಗಳಿಗೂ ಮಧುಮೇಹಕ್ಕೂ ನಂಟು ಕಂಡಾಗ ಆ ಪಟ್ಟಿಯಲ್ಲಿ ಗೋರಿಕಾಯಿ ಜಾತಿಯಿಂದ ಬರೋ ಗ್ವಾರ್ ಅಂಟು, ಗಮ್ ಅರೇಬಿಕ್, ಜ಼ಾಂಥನ್ ಇದ್ದವು. 'ನ್ಯಾಚುರಲ್' ಅಂತ ನಾವು ನಂಬಿರೋವು. ಅದೂ ಜನರ ಊಟ, ಕಾಯಿಲೆ ಗಮನಿಸಿ ಕಂಡುಕೊಂಡ ನಂಟು ಮಾತ್ರ, ಇದರಿಂದಲೇ ಅದು ಅನ್ನೋ ಪುರಾವೆ ಅಲ್ಲ. ಅಷ್ಟಕ್ಕೇ ಯಾರ ಮೇಲೂ ಆರೋಪಪಟ್ಟಿ ಹಾಕೋಕಾಗಲ್ಲ.

ಹಾಗಾದ್ರೆ ಜಗಳ ಯಾವುದಕ್ಕೆ? ನೀರಿಗೆ.

ಲೆಕ್ಕ ಸರಳ. ಒಂದು ಕಿಲೋ ಹಳೇ ಶೈಲಿಯ ಮೇಯೋನೀಸ್‌ನಲ್ಲಿ 75% ಎಣ್ಣೆ ಅಂತಿಟ್ಟುಕೊಳ್ಳಿ, 750 ಗ್ರಾಂ. ಪಿಷ್ಟ ನೀರನ್ನ ಹಿಡಿದಿಡೋ ಹೊಸ ಶೈಲಿಯಲ್ಲಿ ಎಣ್ಣೆ 30% ಅಂದ್ರೆ 300 ಗ್ರಾಂ. ಉಳಿದ 450 ಗ್ರಾಂ ಜಾಗದಲ್ಲಿ ಹೆಚ್ಚಾಗಿ ನೀರು, ಅದನ್ನ ನಿಲ್ಲಿಸೋಕೆ ಚೂರು ಪಿಷ್ಟ. ಎಣ್ಣೆ ಕಿಲೋಗೆ 140 ರೂಪಾಯಿ ಅಂದ್ರೂ ಕಿಲೋಗೆ 63 ರೂಪಾಯಿ ಎಣ್ಣೆ ಉಳೀತು. ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಹೊರಗಿಂದ ತರುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಚ್ಚಾ ಎಣ್ಣೆಗಳ ಮೂಲ ಆಮದು ಸುಂಕವನ್ನ ಸೊನ್ನೆಯಿಂದ 20%ಗೆ ಏರಿಸಿತು, 2025ರ ಮೇ ಕೊನೆಯಲ್ಲಿ 10%ಗೆ ಇಳಿಸಿತು. ಎಣ್ಣೆ ದುಬಾರಿ ಆದಷ್ಟೂ ಪಿಷ್ಟಕ್ಕೆ ಬೆಲೆ.

ನಿಜ ಹೇಳಬೇಕು ಅಂದ್ರೆ ಎಣ್ಣೆ ಕಡಿಮೆ ಆಗೋದು ಕೆಟ್ಟದ್ದೇನಲ್ಲ. 2025ರ ಫೆಬ್ರವರಿಯ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಜನ ಎಣ್ಣೆ 10% ಕಡಿಮೆ ತಿನ್ನಬೇಕು ಅಂದ್ರು. ಭಾಷಣ ಇಲ್ಲದೆ ಆ ಕೆಲಸ ಮಾಡೋ ದಾರಿ ಪಿಷ್ಟದ ಕೈಯಲ್ಲಿದೆ. ಹಾಗಿದ್ರೆ 'ಇದರಲ್ಲಿ ಎಣ್ಣೆ ಇಷ್ಟು, ನೀರು ಇಷ್ಟು' ಅಂತ ದೊಡ್ಡಕ್ಷರದಲ್ಲಿ ಹೇಳಿ ಮಾರೋಕೆ ಏನು ಕಷ್ಟ? ಚೀಟಿಯಲ್ಲಿ ಪದಾರ್ಥಗಳನ್ನ ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನೋದು ನಿಯಮ. ಅಂದ್ರೆ 'ನೀರು' ಮೊದಲಿದ್ದು 'ಎಣ್ಣೆ' ಆಮೇಲೆ ಇದ್ರೆ ನೀವು ಎಣ್ಣೆಗಿಂತ ಹೆಚ್ಚು ನೀರಿಗೆ ದುಡ್ಡು ಕೊಡ್ತಿದ್ದೀರಿ ಅಂತ ಅರ್ಥ. ಇವತ್ತೇ ಮನೆಯಲ್ಲಿರೋ ಬಾಟಲಿ ತಿರುಗಿಸಿ ನೋಡಬಹುದು. ಆದರೆ ಈ ಸೂತ್ರ ಗೊತ್ತಿರಬೇಕು, ಇಂಗ್ಲಿಷ್ ಗೊತ್ತಿರಬೇಕು, ಕಣ್ಣು ಚೆನ್ನಾಗಿರಬೇಕು, ಬಾಟಲಿ ಕೈಗೆ ಸಿಗಬೇಕು. ಗಾಡಿ ಮುಂದೆ ನಿಂತವರಿಗೆ ಕೊನೆಯದೇ ಇಲ್ಲ.

ಭಾಷೆಯ ವಿಷಯಕ್ಕೆ ಬರೋಣ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಹೇಳೋದು: ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆ ಬೇಕಿದ್ರೆ ಜೊತೆಗೆ ಹಾಕ್ಕೊಳ್ಳಿ, ಅಡ್ಡಿ ಇಲ್ಲ. ಕಡ್ಡಾಯ ಎರಡರಲ್ಲಿ ಒಂದು, ಕನ್ನಡ ಐಚ್ಛಿಕ. ಕರ್ನಾಟಕ ಏನು ಮಾಡಿತು? 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಕಲಂ 17ರಲ್ಲಿ ಎರಡು ವಿಷಯ ಇವೆ. ಒಂದು ನಾಮಫಲಕ. 2023ರ ಡಿಸೆಂಬರ್ 27ರ ಗಲಾಟೆ, ಆಮೇಲಿನ ತಿದ್ದುಪಡಿ, 60% ಕನ್ನಡ, ಎಲ್ಲ ನಿಮಗೆ ಗೊತ್ತು. ಇನ್ನೊಂದು ಅಷ್ಟು ಸದ್ದು ಮಾಡದ ಉಪಕಲಂ 9: ರಾಜ್ಯದಲ್ಲಿ ತಯಾರಾಗೋ ಕೈಗಾರಿಕಾ ಮತ್ತು ಗ್ರಾಹಕ ಉತ್ಪನ್ನಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು. 2025ರ ಫೆಬ್ರವರಿಯಲ್ಲಿ ಸರ್ಕಾರ ಇದನ್ನ ಕಡ್ಡಾಯವಾಗಿ ಪಾಲಿಸಿ ಅಂತ ಆದೇಶಿಸಿತು.

ಎರಡು ತೂತು ಕಾಣಿಸ್ತಾ ಇವೆ. 'ಹೆಸರು ಮತ್ತು ಬಳಕೆಯ ಸೂಚನೆ' ಅಷ್ಟೇ, ಪದಾರ್ಥಗಳ ಪಟ್ಟಿ ಇಲ್ಲ. 'ವೆಜ್ ಮೇಯೋನೀಸ್' ಅಂತ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ರೆ ಕಾನೂನು ಪಾಲನೆ ಆಯ್ತು. ಎರಡನೆಯದು, 'ರಾಜ್ಯದಲ್ಲಿ ತಯಾರಾಗೋ'. ನಮ್ಮ ಅಂಗಡಿಗಳಲ್ಲಿ ಸಿಗೋ ದೊಡ್ಡ ಬ್ರ್ಯಾಂಡ್‌ಗಳ ಮೇಯೋ, ಸಾಸುಗಳಲ್ಲಿ ಬಹಳಷ್ಟು ರಾಜಸ್ಥಾನ, ಪಂಜಾಬ್ ಕಡೆಯ ಕಾರ್ಖಾನೆಗಳಿಂದ ಬರುತ್ತವೆ. ಅವಕ್ಕೆ ಈ ಕಲಂ ತಾಗೋದೇ ಇಲ್ಲ. ಭಾರತದ ಕಂಪನಿಗಳು ಕೊಲ್ಲಿ ದೇಶಗಳಿಗೆ ಮಾಲು ಕಳಿಸೋವಾಗ ಅರಬ್ಬಿ ಚೀಟಿ ಅಂಟಿಸ್ತಾರೆ, ಕೆನಡಾಕ್ಕೆ ಕಳಿಸೋವಾಗ ಫ್ರೆಂಚ್ ಅಚ್ಚು ಹಾಕ್ತಾರೆ, ಯಾಕಂದ್ರೆ ಅಲ್ಲಿ ಇಲ್ಲದಿದ್ರೆ ಮಾಲು ಒಳಗೆ ಬಿಡಲ್ಲ. ದುಬೈಗೆ ಹೋಗೋ ಬಾಟಲಿ ಅರಬ್ಬಿ ಕಲಿಯುತ್ತೆ, ಹೊಸಹಳ್ಳಿಗೆ ಬರೋ ಬಾಟಲಿ ಕನ್ನಡ ಕಲಿಯಲ್ಲ. ಜಾಗ ಸಾಲಲ್ಲ, ಖರ್ಚು ಜಾಸ್ತಿ ಅನ್ನೋ ವಾದ ಇಲ್ಲಿ ಮಾತ್ರ ಯಾಕೆ ನೆನಪಾಗುತ್ತೆ?

ಇದು ಬರೀ ಅಭಿಮಾನದ ಪ್ರಶ್ನೆ ಅಲ್ಲ ಅನ್ನೋದಕ್ಕೆ ನೆರೆಮನೆಗಳ ಕತೆ ನೋಡಿ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು, ಷಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯ್ತು. ಅಲ್ಲಿ ಮೇಯೋನೀಸೇ ಕಾರಣ ಅಂತಲ್ಲ. ಆದರೆ ಅಲ್ಲಿಂದ ಶವರ್ಮಾ ತಟ್ಟೆಯ ಮೇಲೆ ಕಣ್ಣು ಬಿತ್ತು. 2023ರ ಜನವರಿಯಲ್ಲಿ ಕೇರಳ ಹಸಿ ಮೊಟ್ಟೆಯ ಮೇಯೋನೀಸ್ ನಿಷೇಧಿಸಿತು. 2024ರ ಅಕ್ಟೋಬರ್ ಕೊನೆಯಲ್ಲಿ, ಹೈದರಾಬಾದ್‌ನಲ್ಲಿ ಮೊಮೊ ತಿಂದು ಮಹಿಳೆಯೊಬ್ಬರು ಸತ್ತ ಮೇಲೆ, ತೆಲಂಗಾಣ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರೋ ಅಪಾಯ ನಿಜ, ಹಾಗಾಗಿ ನಿಷೇಧಕ್ಕೆ ಕಾರಣ ಇದೆ. ಆದರೆ ಪ್ರತೀ ನಿಷೇಧವೂ ಗಾಡಿಯವರನ್ನ ಕಾರ್ಖಾನೆಯ ಮೊಟ್ಟೆರಹಿತ ಬಕೆಟ್ ಕಡೆ ತಳ್ಳುತ್ತೆ. ಕೈಯಲ್ಲಿ ಕಡೆಯುತ್ತಿದ್ದವರು ಈಗ ಕೊಂಡು ಬಡಿಸುವವರು.

ಆ ಬಕೆಟ್ ಸುರಕ್ಷಿತವಾಗಿರೋದು ಪಿಷ್ಟದಿಂದ ಅಲ್ಲ, ಹುಳಿ ಮತ್ತು ಸಂರಕ್ಷಕದಿಂದ. ತೆರೆದ ಮೇಲೆ ಫ್ರಿಜ್‌ನಲ್ಲಿಡಿ ಅಂತ ಚೀಟಿ ಹೇಳುತ್ತೆ, ಇಂಗ್ಲಿಷ್‌ನಲ್ಲಿ. ವ್ಯಾಪಾರ ಕಡಿಮೆ ಇದ್ದ ದಿನ ಅದಕ್ಕೆ ಒಂದು ಲೋಟ ನೀರು, ಒಂದಿಷ್ಟು ಪುದೀನ ಚಟ್ನಿ ಸೇರಿಸಿ ಜಾಸ್ತಿ ಮಾಡೋದು ಯಾರಿಗೂ ಹೊಳೆಯೋ ಉಪಾಯ. ಒಳ್ಳೆ ಪಿಷ್ಟ ಇದ್ರೆ ಸ್ವಲ್ಪ ನೀರು ಬಿದ್ರೂ ಒಡೆಯಲ್ಲ, ನೋಡೋಕೆ ಮೊದಲಿನ ಹಾಗೇ ಇರುತ್ತೆ. ಆದರೆ ಹುಳಿಯೂ ಸಂರಕ್ಷಕವೂ ಆ ಲೋಟದಷ್ಟು ತೆಳುವಾಗಿರುತ್ತವೆ. ಕಣ್ಣಿಗೆ ಏನೂ ಗೊತ್ತಾಗಲ್ಲ, ಅಪಾಯ ಇರೋದೇ ಅಲ್ಲಿ. 'ನೀರು ಬೆರೆಸಬೇಡಿ, ತೆರೆದ ಮೇಲೆ ತಣ್ಣಗಿಡಿ' ಅಂತ ಕನ್ನಡದಲ್ಲಿ ಒಂದು ಸಾಲು ಬರೆಯದೆ, ನಾಳೆ ಯಾರಿಗಾದ್ರೂ ವಾಂತಿಭೇದಿ ಆದಾಗ ಗಾಡಿ ಎತ್ತಿಕೊಂಡು ಹೋಗೋದು ನ್ಯಾಯಾನಾ?

ಈ ಕತೆಯ ಇನ್ನೊಂದು ತುದಿ ಬೆಂಗಳೂರಲ್ಲಿಲ್ಲ. ಪಿಷ್ಟ ಬರೋದು ಮೆಕ್ಕೆಜೋಳದಿಂದ, ಉತ್ತರ ಕರ್ನಾಟಕದವರ ಗೋವಿನಜೋಳದಿಂದ. ದಾವಣಗೆರೆ, ಹಾವೇರಿ, ಗದಗ, ಧಾರವಾಡ, ಬೆಳಗಾವಿ. ಗೋಕಾಕದಲ್ಲಿ ರಿದ್ಧಿ ಸಿದ್ಧಿ ಕಂಪನಿ ನಡೆಸುತ್ತಿದ್ದ ದೊಡ್ಡ ಪಿಷ್ಟದ ಕಾರ್ಖಾನೆ ಇದೆ. ಆಮೇಲೆ ಅದು ಫ್ರಾನ್ಸ್‌ನ ರೊಕೆಟ್ ಕೈಸೇರಿತು. ನೂರು ಕಿಲೋ ಕಾಳನ್ನ ನೆನೆಸಿ ಅರೆದರೆ 60 ಕಿಲೋಗಿಂತ ಹೆಚ್ಚು ಪಿಷ್ಟ ಸಿಗುತ್ತೆ. ಮೊಳಕೆಯಿಂದ ಎಣ್ಣೆ, ಉಳಿದ ಪ್ರೋಟೀನು, ಹೊಟ್ಟು ದನ ಕೋಳಿಗಳ ಆಹಾರಕ್ಕೆ. ವ್ಯರ್ಥ ಅಂತ ಹೆಚ್ಚೇನೂ ಇಲ್ಲ.

2024ರಲ್ಲಿ ಎಥೆನಾಲ್ ಕಾರ್ಖಾನೆಗಳು ಮೆಕ್ಕೆಜೋಳಕ್ಕೆ ಮುಗಿಬಿದ್ದಾಗ ಬೆಲೆ ಏರಿತು, ಕೋಳಿ ಉದ್ಯಮ ಮತ್ತು ಪಿಷ್ಟ ಉದ್ಯಮ ಗೋಳಿಟ್ಟವು. ಆ ಜೂನ್‌ನಲ್ಲೇ ಕೇಂದ್ರ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನ 15% ಸುಂಕದಲ್ಲಿ ಆಮದು ಮಾಡಿಕೊಳ್ಳೋಕೆ ಬಿಟ್ಟಿತು. 2025ರ ನವೆಂಬರ್‌ನಲ್ಲಿ ಗಾಲಿ ತಿರುಗಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಮಾರುಕಟ್ಟೆಯಲ್ಲಿ ಸಿಕ್ಕಿದ್ದು 1,600ರಿಂದ 1,800. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು, ಕೇಂದ್ರದವರು ರಾಜ್ಯದ ಕಡೆ ಬೆರಳು ತೋರಿಸಿದರು. ಆಮೇಲೆ ಡಿಸ್ಟಿಲರಿಗಳಿಂದ ಬೆಂಬಲ ಬೆಲೆಗೆ ಖರೀದಿ ಮಾಡಿಸ್ತೀವಿ ಅಂತಾಯ್ತು, ಒಬ್ಬ ರೈತನಿಂದ 20 ಕ್ವಿಂಟಲ್ ಅನ್ನೋ ಮಿತಿಯನ್ನ 50ಕ್ಕೆ ಏರಿಸಿದರು. ಉದ್ಯಮ ಅತ್ತಾಗ ಹಡಗು ಹೊರಡುತ್ತೆ, ರೈತ ಅತ್ತಾಗ ಪತ್ರ ಹೊರಡುತ್ತೆ. ಇದರ ಮಧ್ಯೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್, 140 ಕೋಟಿ ಜನ ಇದ್ದೀವಿ ಅಂತ ಕೊಚ್ಚಿಕೊಳ್ಳೋ ಭಾರತ ನಮ್ಮ ಮೆಕ್ಕೆಜೋಳ ಒಂದು ಬುಶೆಲ್ ಕೂಡ ಯಾಕೆ ಕೊಳ್ಳಲ್ಲ ಅಂತ ರೇಗಿದ್ದೂ ಆಯ್ತು.

ಮೆಕ್ಕೆಜೋಳದಲ್ಲಿ ಪಿಷ್ಟಕ್ಕೆ ಹೋಗೋ ಪಾಲು ಕೋಳಿ ಆಹಾರ, ಎಥೆನಾಲ್‌ಗಿಂತ ಚಿಕ್ಕದು, ಹಾಗಾಗಿ ಬೆಲೆ ಕುಸಿತದ ಹೊಣೆಯನ್ನ ಸಾಸ್ ಬಾಟಲಿಗೆ ಕಟ್ಟೋದು ತಪ್ಪಾಗುತ್ತೆ. ಆದರೆ ಕಿಲೋಗೆ 17 ರೂಪಾಯಿಯಂತೆ ಲಕ್ಷ್ಮೇಶ್ವರದಲ್ಲಿ ಮಾರಿದ ಕಾಳು, ಪಿಷ್ಟವಾಗಿ, ನೀರನ್ನ ಎಣ್ಣೆಯ ಹಾಗೆ ಕಾಣಿಸೋ ಶಕ್ತಿ ಪಡೆದು ಹೊಸಹಳ್ಳಿಗೆ ಬರೋವಾಗ, ಲಾಭ ಯಾವ ಮೆಟ್ಟಿಲಲ್ಲಿ ನಿಂತಿತು ಅಂತ ಕೇಳಬಹುದು. ಆ ಮೆಟ್ಟಿಲು ಚೀಟಿಯಲ್ಲಿ ನಾಲ್ಕಂಕಿಯ ನಂಬರಾಗಿ ಕೂತಿದೆ. 'ಐಎನ್‌ಎಸ್ 1422' ಅಂತ ಓದಿದ ಹಾವೇರಿಯ ಹುಡುಗನಿಗೆ ಅದು ತನ್ನಪ್ಪನ ಹೊಲದ್ದಿರಬಹುದು ಅಂತ ತಿಳಿಯೋ ದಾರಿ ಇಲ್ಲ. 'ಮಾರ್ಪಡಿಸಿದ ಮೆಕ್ಕೆಜೋಳದ ಪಿಷ್ಟ' ಅಂತ ಬರೆದಿದ್ರೆ ತಿಳೀತಿತ್ತು.

ಪ್ಯಾಕೆಟ್ ಮುಂಭಾಗದಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಹಾಕಬೇಕು ಅನ್ನೋ ವಿಷಯ ಸುಪ್ರೀಂ ಕೋರ್ಟ್ ಮುಂದಿದೆ. 2025ರ ಏಪ್ರಿಲ್‌ನಲ್ಲಿ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟು, ಆಮೇಲೆ ವಿಸ್ತರಿಸಿತು. ಅಲ್ಲಿ ವಾದ ನಡೀತಿರೋದು ನಕ್ಷತ್ರ ಹಾಕಬೇಕಾ, ಎಚ್ಚರಿಕೆ ಹಾಕಬೇಕಾ ಅನ್ನೋದರ ಸುತ್ತ. ಭಾಷೆಯ ಪ್ರಶ್ನೆಯನ್ನ ದಿಲ್ಲಿಯಲ್ಲಿ ಯಾರೋ ನಮ್ಮ ಪರವಾಗಿ ಎತ್ತುತ್ತಾರೆ ಅಂತ ಕಾಯೋದು ದಡ್ಡತನ.

ಕರ್ನಾಟಕಕ್ಕೆ ಕೈ ಕಟ್ಟಿಲ್ಲ. ಉಪಕಲಂ 9ಕ್ಕೆ 'ಪದಾರ್ಥಗಳ ಪಟ್ಟಿ ಮತ್ತು ಸಂಗ್ರಹಣೆಯ ಸೂಚನೆ' ಅನ್ನೋ ನಾಲ್ಕೈದು ಪದ ಸೇರಿಸೋದು ವಿಧಾನಸಭೆಯ ಅಧಿಕಾರದಲ್ಲಿದೆ. 60% ಬೋರ್ಡಿಗೆ ತಿದ್ದುಪಡಿ ತಂದ ಸದನವೇ ಅದು. ಹೊರಗಿಂದ ಬರೋ ಮಾಲಿಗೆ ಇದನ್ನ ಅನ್ವಯಿಸಿದ್ರೆ ಕೇಂದ್ರದ ಕಾನೂನಿಗೆ ಅಡ್ಡ ಬರುತ್ತೆ ಅಂತ ಕಂಪನಿಗಳು ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು. ಹಾಗಾಗಿ ಎರಡನೇ ದಾರಿಯೂ ಬೇಕು. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಕೇಂದ್ರ ಸಲಹಾ ಸಮಿತಿಯಲ್ಲಿ ಎಲ್ಲ ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರೂ ಸದಸ್ಯರು. ಅಂದ್ರೆ 'ಇಂಗ್ಲಿಷ್ ಅಥವಾ ಹಿಂದಿ' ಅನ್ನೋ ಸಾಲನ್ನ 'ಮತ್ತು ಮಾರಾಟವಾಗೋ ರಾಜ್ಯದ ಭಾಷೆ' ಅಂತ ಬದಲಿಸಿ ಎಂದು ಕೇಳೋಕೆ ನಮಗೆ ಅಲ್ಲಿ ಒಂದು ಕುರ್ಚಿ ಇದೆ. ತಮಿಳುನಾಡು, ಕೇರಳ, ಬಂಗಾಳ, ಮಹಾರಾಷ್ಟ್ರಕ್ಕೂ ಇದೆ. ಚೀಟಿ ಜಾಸ್ತಿ ಸಿಗೋ ಹಾಗೆ ಮೊದಲು ಐದು ಕಿಲೋ, ಒಂದು ಕಿಲೋದ ಹೋಟೆಲ್ ಪ್ಯಾಕ್‌ಗಳಿಂದಲೇ ಶುರು ಮಾಡಬಹುದು. ಅವುಗಳ ಮೇಲೆ ಜಾಗಕ್ಕೇನೂ ಬರ ಇಲ್ಲ.